ಪರೋಟ ನೋಡಿ ಕಾಲೇಜು ಆರಿಸಿದ ಮಾವ

ಕಾಲೇಜಿನ ಯೋಗ್ಯತೆಯನ್ನು ಅದರ ಹತ್ತಿರದ ಹೋಟೆಲಿನ ಪರೋಟದಿಂದ ಅಳೆಯಬಹುದು ಎಂದು ನಂಬಿದ ಮನುಷ್ಯ ಇಡೀ ಒಮಾನ್ ದೇಶದಲ್ಲಿ ಒಬ್ಬರೇ ಇದ್ದರು. ಅವರು ನನ್ನ ಸೋದರಮಾವ. ಇದನ್ನು ಹೆಮ್ಮೆಯಿಂದ ಹೇಳುತ್ತಿದ್ದೇನೋ ತಪ್ಪೊಪ್ಪಿಗೆಯೆಂದು ಹೇಳುತ್ತಿದ್ದೇನೋ, ಓದಿದ ಮೇಲೆ ನೀವೇ ತೀರ್ಮಾನಿಸಿ!

ಸುಳ್ಳು ಹೇಳುತ್ತಿದ್ದೇನೆ ಎಂದುಕೊಳ್ಳಬೇಡಿ, ನನ್ನ ಬಳಿ ದಾಖಲೆಯಿದೆ. ಹೈಸ್ಕೂಲಿನಿಂದಲೂ ನಾನು ಡೈರಿ ಬರೆಯುವವಳು. ಇಪ್ಪತ್ತಮೂರನೆಯ ವಯಸ್ಸಿಗೆ ಮಸ್ಕತ್ತಿಗೆ ಬಂದು, ಕಟ್ಟಡ ಕಟ್ಟುವ ಕಂಪೆನಿಯೊಂದರಲ್ಲಿ ಡಾಕ್ಯುಮೆಂಟ್ ಕಂಟ್ರೋಲರ್ ಆಗಿ ಸೇರಿದೆ. ಬಂದ ಕಾಗದಕ್ಕೆ ಸಂಖ್ಯೆ ಹಾಕುವುದು, ತಾರೀಖು ಒತ್ತುವುದು, ಎಲ್ಲಿಟ್ಟೆ ಎಂದು ಬರೆದಿಡುವುದು, ಇಷ್ಟೇ ಕೆಲಸ. ವಾಸ ಮಸ್ಕತ್ತಿನ ಅಂಚಿನ ಅಲ್ ಅಮೇರಾತಿನಲ್ಲಿ, ಮಾವನ ಮನೆಯಲ್ಲೇ; ಸಂಜೆ ಅಲ್ಲಿಗೆ ವಾಪಸಾದ ಮೇಲೂ ಕೈ ಸುಮ್ಮನಿರುತ್ತಿರಲಿಲ್ಲ. ೨೦೦೬ರ ನನ್ನ ಡೈರಿಯ ಪ್ರಕಾರ ಮಾವ ಆ ವರ್ಷ ಬಚ್ಚಲಿನಲ್ಲಿ ಹಾಡಿದ್ದು ಇನ್ನೂರ ಹದಿನಾಲ್ಕು ಸಲ. ಹಾಡಿನ ಎರಡನೆಯ ಸಾಲಿಗೆ ತಲುಪಿದ್ದು ಮೂರು ಸಲ.

ಮಾವ ಉಡುಪಿ ಕಡೆಯವರು. ತೋಟಗಳಿಗೆ ನೀರಿನ ಪಂಪು ಮಾರುವ ಕಂಪೆನಿಯಲ್ಲಿ ಸೇಲ್ಸ್ ಕೆಲಸ. ಅತ್ತೆ ಮೈಸೂರಿನವರು. ಒಬ್ಬಳೇ ಮಗಳು ಅಶ್ವಿನಿ ಆ ವರ್ಷ ಹನ್ನೆರಡನೆಯ ಕ್ಲಾಸು. ಹನ್ನೆರಡು ಮುಗಿದರೆ ಗಲ್ಫಿನ ಭಾರತೀಯ ಮಕ್ಕಳಿಗೆ ಇರುವುದು ಒಂದೇ ದಾರಿ: ಸೂಟ್‌ಕೇಸು, ವಿಮಾನ, ಊರಿನ ಹಾಸ್ಟೆಲು. ಅತ್ತೆಯೂ ಅದನ್ನೇ ನಿಶ್ಚಯಿಸಿದ್ದರು. ಮೈಸೂರಿನಲ್ಲಿದ್ದ ಅವರ ಅಕ್ಕ ಆಗಲೇ ಒಂದು ಕೋಣೆ ಖಾಲಿ ಮಾಡಿ, ಹೊಸ ಪರದೆ ಹಾಕಿಸಿ, ಪರದೆಯ ಬಣ್ಣವನ್ನು ಫೋನಿನಲ್ಲಿ ಎರಡು ಸಲ ವರ್ಣಿಸಿಯೂ ಆಗಿತ್ತು.

ಮಾವ ಬೇಡ ಎನ್ನಲಿಲ್ಲ. ಬೇಡ ಎಂದು ನೇರವಾಗಿ ಹೇಳುವ ಅಭ್ಯಾಸ ಅವರಿಗಿಲ್ಲ. ಜನವರಿಯ ಒಂದು ಸಂಜೆ ದೋಸೆ ತಿನ್ನುತ್ತಾ, "ಈ ದೇಶದಲ್ಲೂ ಕಾಲೇಜು ಉಂಟಲ್ವಾ?" ಎಂದರು.

"ಇದೆ. ಅದಕ್ಕೇನೀಗ?" ಎಂದರು ಅತ್ತೆ.

"ಎಂತ ಇಲ್ಲ. ಒಮ್ಮೆ ನೋಡಿಕೊಂಡು ಬರುವ ಅಂತ."

"ಕಾಲೇಜು ನೋಡೋಕೆ ಏನಿದೆ? ಗೋಡೆ ಇರತ್ತೆ, ಬೆಂಚಿರತ್ತೆ. ಪ್ರಾಸ್ಪೆಕ್ಟಸ್ ತರಿಸಿ."

"ಕಾಲೇಜು ಯಾರು ನೋಡ್ತಾರೆ ಮಾರಾಯ್ತಿ! ಪಾಠ ಎಲ್ಲ ಕಡೆ ಒಂದೇ. ಹುಡುಗಿ ಗುರುವಾರ, ಶುಕ್ರವಾರ ರಜೆಗೆ ಎಂತ ತಿಂತಾಳೆ, ಎಲ್ಲಿ ತಿರುಗ್ತಾಳೆ? ಅದು ಯಾವ ಪ್ರಾಸ್ಪೆಕ್ಟಸಿನಲ್ಲಿ ಉಂಟು ಹೇಳು?"

ಅತ್ತೆ ನನ್ನ ಮುಖ ನೋಡಿದರು. ನಾನು ದೋಸೆ ನೋಡಿದೆ. ಕೊನೆಗೆ ಅತ್ತೆ ಏಪ್ರಿಲ್ ಕೊನೆಯವರೆಗೆ ಗಡುವು ಕೊಟ್ಟರು. ಅಷ್ಟರೊಳಗೆ ಒಪ್ಪುವ ಊರು ಸಿಗದಿದ್ದರೆ ಮೈಸೂರು, ಹೊಸ ಪರದೆ, ಮುಗಿಯಿತು.

ಹೀಗೆ ನಾನು ಮಾವನ ಸೆಕ್ರೆಟರಿಯಾದೆ. ಅವರು ಹೇಳಿದರು, ನಾನು ಪಟ್ಟಿ ಎಳೆದೆ. ಊರಿಗೊಂದು ಪುಟ, ಪುಟಕ್ಕೆ ಐದು ಕಾಲಂ, ಕಾಲಂಗೆ ಇಪ್ಪತ್ತು ಮಾರ್ಕು. ಒಂದು, ಚಹಾ. ಎರಡು, ಹೊಟ್ಟೆ ತುಂಬುವ ತಿಂಡಿ. ಮೂರು, ರಜೆಯಲ್ಲಿ ನೋಡುವ ಜಾಗ. ನಾಲ್ಕು, ನಮ್ಮ ಮನೆಗೆ ಎಷ್ಟು ಹೊತ್ತಿನ ದಾರಿ. ಐದನೆಯದನ್ನು ಹೇಳುವಾಗ ಮಾವ ಸ್ವಲ್ಪ ತಡೆದು, "ಅಳುವ ಜಾಗ" ಎಂದರು.

ನಾನು ಪೆನ್ನು ಎತ್ತಿದೆ. "ಏನು ಮಾವ?"

"ಅಳುವ ಜಾಗ. ಬರಿ, ಬರಿ. ಮನೆ ಬಿಟ್ಟು ಬಂದ ಮಕ್ಕಳಿಗೆ ಅಳು ಬರುವುದಿಲ್ವಾ? ಬಂದ್ರೆ ಎಲ್ಲಿ ಕೂತು ಅಳುವುದು? ಯಾರೂ ನೋಡದ, ಆದ್ರೆ ಹೆದರಿಕೆ ಆಗದ ಜಾಗ ಒಂದು ಬೇಕು."

ಅಶ್ವಿನಿ ಫಿಸಿಕ್ಸ್ ಪುಸ್ತಕದಿಂದ ತಲೆಯೆತ್ತಿ, "ಪಪ್ಪಾ, ವೈ ವುಡ್ ಐ ಕ್ರೈ? ನಾನು ಕಾಲೇಜಿಗೆ ಹೋಗ್ತಿರೋದು, ಜೈಲಿಗಲ್ಲ!" ಎಂದಳು. ಅತ್ತೆ ಅಡುಗೆಮನೆಯಿಂದಲೇ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ನಕ್ಕುಕೊಂಡೇ ಬರೆದೆ.

ಮೊದಲ ಪಯಣ ರುಸ್ತಾಕಿಗೆ. ಜನವರಿ ೧೯, ಗುರುವಾರ. ಅತ್ತೆ ಬರಲಿಲ್ಲ. ಹಿಂದಿನ ಸೀಟಿನಲ್ಲಿ ಅಶ್ವಿನಿ ಮತ್ತು ಅವಳ ಫಿಸಿಕ್ಸು. ಮಾವನ ಸಿದ್ಧಾಂತ ಸರಳವಾಗಿತ್ತು: ಹೊಸ ಊರಿಗೆ ಹೋದರೆ ಬೋರ್ಡು ನೋಡಿ ಹೋಟೆಲಿಗೆ ನುಗ್ಗಬಾರದು. ವಿದ್ಯಾರ್ಥಿಗಳು ಎಲ್ಲಿ ಗುಂಪಾಗಿದ್ದಾರೆ ನೋಡಬೇಕು. ಅವರ ಹಸಿವು ದೊಡ್ಡದು, ಜೇಬು ಸಣ್ಣದು. ಅವರನ್ನು ಯಾವ ಹೋಟೆಲಿನವನೂ ಎರಡನೆಯ ಸಲ ಮೋಸ ಮಾಡಲಾರ. ಸಿದ್ಧಾಂತ ತಪ್ಪೆಂದು ನಾನು ಹೇಳಲಾರೆ. ಆ ದಿನ ನಾವು ತಿಂದ ಪರೋಟ ಎಂಥದು ಎನ್ನುತ್ತೀರಿ! ಹಾಳೆ ಹಾಳೆಯಾಗಿ ಬಿಚ್ಚಿಕೊಳ್ಳುತ್ತಿತ್ತು. ನಾನು ಒಂದರಲ್ಲಿ ಹದಿನೇಳು ಪದರ ಎಣಿಸುವಷ್ಟರಲ್ಲಿ ಮಾವ ಮೂರು ಮುಗಿಸಿದ್ದರು.

ಆಮೇಲೆ ಕೋಟೆ ಹತ್ತಿದೆವು. ಬಿಸಿನೀರಿನ ಬುಗ್ಗೆಯಲ್ಲಿ ಕಾಲಿಟ್ಟು ಕೂತೆವು. ಬುಗ್ಗೆಯ ಬಳಿ ಹಬೆ ಏಳುವುದರಿಂದ ಮುಖ ಹೇಗೂ ಒದ್ದೆಯಾಗಿರುತ್ತದೆ, ಅತ್ತರೂ ಗೊತ್ತಾಗುವುದಿಲ್ಲ ಎಂದು ಮಾವ ಐದನೆಯ ಕಾಲಂಗೆ ಹದಿನೆಂಟು ಕೊಟ್ಟರು. ಒಟ್ಟು ತೊಂಬತ್ತೆರಡು! ಮಾವ ಸ್ಟಿಯರಿಂಗ್ ತಟ್ಟಿ, "ಖಲಾಸ್! ಊರು ಸಿಕ್ಕಿತು!" ಎಂದರು.

"ಮಾವ, ಕಾಲೇಜಿನಲ್ಲಿ ಸೀಟು ಕೊಡ್ತಾರಾ ಅಂತ ಕೇಳಿದ್ರಾ?"

"ಅದೊಂದು ಬಾಕಿ ಉಂಟು. ಯಲ್ಲಾ, ಈಗಲೇ ಕೇಳುವ."

ರಜೆಯ ದಿನ ಕಾಲೇಜಿನ ಗೇಟಿನಲ್ಲಿದ್ದದ್ದು ಕಾವಲುಗಾರ ಮಾತ್ರ. ಆತ ನಮ್ಮನ್ನು ಗೌರವದಿಂದ ಕೂರಿಸಿ, ನೀರು ಕೊಟ್ಟು, ಅಷ್ಟೇ ಗೌರವದಿಂದ ಹೇಳಿದ: ಇದು ಸರಕಾರಿ ಕಾಲೇಜು, ಈ ದೇಶದ ಮಕ್ಕಳಿಗೆ ಮಾತ್ರ.

ಮಾವ ಕಾರಿಗೆ ಬಂದು ಬೆಲ್ಟು ಹಾಕಿಕೊಂಡರು. ಆಮೇಲೆ ನನ್ನ ಕಡೆ ತಿರುಗಿ, "ಹಾಗಾದ್ರೆ ನಾವು ಬೆಳಗ್ಗಿಂದ ಎಂತಕ್ಕೆ ತಿಂದದ್ದು?" ಎಂದರು.

ಎರಡನೆಯದು ನಿಜ್ವಾ. ಫೆಬ್ರವರಿ ೧೭, ಶುಕ್ರವಾರ. ಈ ಸಲ ಮಾವ ಜಾಣರಾಗಿದ್ದರು. ಹೊರದೇಶದ ಮಕ್ಕಳಿಗೂ ಸೀಟು ಉಂಟೆಂದು ಮೊದಲೇ ಫೋನು ಮಾಡಿ ತಿಳಿದುಕೊಂಡಿದ್ದರು. ಶುಕ್ರವಾರ ಬೆಳಿಗ್ಗೆ ನಿಜ್ವಾದಲ್ಲಿ ಆಡಿನ ಸಂತೆ. ಮಾರುವವರು ಆಡನ್ನು ಹಗ್ಗದಲ್ಲಿ ಹಿಡಿದು ಸುತ್ತು ಹಾಕುತ್ತಾರೆ, ಕೊಳ್ಳುವವರು ಒಳಗೂ ಹೊರಗೂ ನಿಂತು, ಮೆಚ್ಚಿದ ಆಡು ಎದುರಿಗೆ ಬಂದಾಗ ಕೈಯೆತ್ತಿ ನಿಲ್ಲಿಸುತ್ತಾರೆ. ಇದು ಮಾವನಿಗೂ ಗೊತ್ತಿತ್ತು. ಆದರೆ ಜನರ ನಡುವೆ ನಾನು ಹಿಂದೆ ಉಳಿದಾಗ, "ಬಾ, ಬಾ, ಇಲ್ಲಿದ್ದೇನೆ" ಎಂದು ಅವರು ಕೈಯೆತ್ತಿಬಿಟ್ಟರು.

ನಾನು ಅಲ್ಲಿಗೆ ತಲುಪುವಾಗ ಹಗ್ಗ ಮಾವನ ಕೈಯಲ್ಲಿತ್ತು. ಹಗ್ಗದ ಇನ್ನೊಂದು ತುದಿಯಲ್ಲಿ ಉದ್ದ ಕಿವಿಯ ಕಪ್ಪು ಆಡು. ಮಾರುವ ಅಜ್ಜ ಆಡಿನ ಬಾಯಿ ತೆರೆದು ಹಲ್ಲು ತೋರಿಸುತ್ತಿದ್ದರು. ನಾವು ಸಸ್ಯಾಹಾರಿಗಳು ಎಂದು ಮಾವ ಅರಬ್ಬಿಯಲ್ಲಿ ವಿವರಿಸಿದರು. ಆಡೂ ಸಸ್ಯಾಹಾರಿಯೇ ಎಂದು ಅಜ್ಜ ಉತ್ತರಿಸಿದರು! ಸುತ್ತಲಿದ್ದವರೆಲ್ಲ ನಕ್ಕರು. ಆಡು ಮಾವನ ಬಳಿ ಇದ್ದದ್ದು ಹನ್ನೊಂದು ನಿಮಿಷ. ಅಷ್ಟರಲ್ಲಿ ಅದು ನನ್ನ ಪಟ್ಟಿಯ ಒಂದು ಮೂಲೆ ತಿಂದಿತ್ತು. ನಿಜ್ವಾದ ಚಹಾಕ್ಕೆ ಎಷ್ಟು ಮಾರ್ಕು ಕೊಟ್ಟಿದ್ದೆವೆಂದು ಇಂದಿಗೂ ಪಕ್ಕಾ ದಾಖಲೆಯಿಲ್ಲ.

ಐದನೆಯ ಕಾಲಂಗಾಗಿ ಖರ್ಜೂರದ ಮರಗಳ ಕೆಳಗೆ, ಹರಿಯುವ ಕಾಲುವೆಯ ಪಕ್ಕ ಒಂದು ಸೊಗಸಾದ ಜಾಗ ಸಿಕ್ಕಿತು. "ಟೆಸ್ಟ್ ಮಾಡುವ" ಎಂದು ಮಾವ ಅಲ್ಲಿ ಒಬ್ಬರೇ ಹೋಗಿ ಕೂತು, ತಲೆ ತಗ್ಗಿಸಿ, ಆದಷ್ಟು ಜೋಲುಮೋರೆ ಹಾಕಿದರು. ನಾನು ಮತ್ತು ಅಶ್ವಿನಿ ದೂರದಿಂದ ಗಡಿಯಾರ ಹಿಡಿದು ನಿಂತೆವು. ಎರಡನೆಯ ನಿಮಿಷಕ್ಕೆ ಒಬ್ಬರು ಸಲಾಂ ಹೇಳಿ ಹೋದರು. ನಾಲ್ಕನೆಯ ನಿಮಿಷಕ್ಕೆ ಇನ್ನೊಬ್ಬರು ಹಿಂತಿರುಗಿ ಬಂದು ನಿಂತರು. ಆರನೆಯ ನಿಮಿಷಕ್ಕೆ ಬಿಳಿ ಗಡ್ಡದ ಹಿರಿಯರೊಬ್ಬರು ಮಾವನ ಪಕ್ಕದಲ್ಲಿ ಕೂತು ಅವರ ಬೆನ್ನು ಸವರುತ್ತಿದ್ದರು. ಹತ್ತನೆಯ ನಿಮಿಷಕ್ಕೆ ಖರ್ಜೂರ ಬಂತು, ಫ್ಲಾಸ್ಕಿನಲ್ಲಿ ಏಲಕ್ಕಿ ಹಾಕಿದ ಅರಬ್ಬಿ ಕಾಫಿ, ಕಾವಾ ಬಂತು. ಸಾಕೆಂದು ಮಾವ ಪುಟ್ಟ ಬಟ್ಟಲು ಅಲ್ಲಾಡಿಸಿದರೂ ಹಿರಿಯರು ಮತ್ತೆ ಮತ್ತೆ ತುಂಬಿಸಿದರು.

ಮಾವ ತುಟಿಯೊರೆಸಿಕೊಳ್ಳುತ್ತಾ ಬಂದರು. "ಫೇಲ್. ಈ ಊರಿನಲ್ಲಿ ಅಳ್ಲಿಕ್ಕೆ ಬಿಡುವುದೇ ಇಲ್ಲ ಮಾರಾಯ್ತಿ."

"ಅದು ಒಳ್ಳೆಯದಲ್ವಾ ಮಾವ?"

"ಒಳ್ಳೆಯದೇ. ಆದ್ರೆ ಕೆಲವು ಅಳು ಪೂರ್ತಿ ಮುಗೀಬೇಕು. ನಡುವಿನಲ್ಲಿ ಕಾವಾ ಕೊಟ್ಟು ನಿಲ್ಲಿಸಬಾರದು."

ಇದೆಲ್ಲ ಕೇಳಿ ಅತ್ತೆ ಮೈಸೂರಿಗೆ ಫೋನು ಮಾಡಿ, ಪರದೆ ತೆಗೆಯಬೇಡ ಎಂದು ಅಕ್ಕನಿಗೆ ಹೇಳಿದರು. "ಏನ್ರೀ ಇದು? ಮಗಳ ಭವಿಷ್ಯ ನೋಡಿ ಅಂದ್ರೆ ಆಡು ನೋಡ್ಕೊಂಡು ಬಂದಿದೀರ! ಇನ್ನೊಂದೇ ಊರು. ಈ ಸಲ ನಾನೂ ಬರ್ತೀನಿ. ಒಪ್ಪದಿದ್ರೆ ಮಾರನೇ ದಿನವೇ ಮೈಸೂರಿಗೆ ಅರ್ಜಿ."

ಮಾವ ತಲೆಯಾಡಿಸಿದರು. ಮರುದಿನದಿಂದ ಬಚ್ಚಲಿನ ಹಾಡು ನಿಂತಿತು. ಫೆಬ್ರವರಿ ೧೮ರಿಂದ ಏಪ್ರಿಲ್ ೧೯ರವರೆಗೆ ಡೈರಿಯ ಹಾಡಿನ ಕಾಲಂನಲ್ಲಿ ನಾನು ಸೊನ್ನೆಯನ್ನೇ ಬರೆದಿದ್ದೇನೆ. ಅವರಿಗೆ ಬೇಕಾಗಿದ್ದದ್ದು ಇಷ್ಟೇ: ಗುರುವಾರ ಮಧ್ಯಾಹ್ನದ ಊಟಕ್ಕೆ ಮಗಳು ಬಂದು ಕೂರುವಷ್ಟು ಹತ್ತಿರ ಇರಬೇಕು. ಅಷ್ಟನ್ನು ಬಾಯಿಬಿಟ್ಟು ಹೇಳುವುದರ ಬದಲು ಅವರು ಊರೂರು ತಿರುಗಿ ಪರೋಟ ತಿನ್ನುತ್ತಿದ್ದರು.

ಏಪ್ರಿಲ್ ೨೦, ಗುರುವಾರ. ಅಶ್ವಿನಿಯ ಪರೀಕ್ಷೆ ಮುಗಿದಿತ್ತು. ನಾಲ್ವರೂ ಸೊಹಾರಿಗೆ ಹೊರಟೆವು. ಅಲ್ಲಿನ ಕಾಲೇಜಿನಲ್ಲಿ ಇಂಜಿನಿಯರಿಂಗ್ ಇತ್ತು, ಹೊರದೇಶದವರಿಗೂ ಸೀಟಿತ್ತು, ಹುಡುಗಿಯರಿಗೆ ಹಾಸ್ಟೆಲಿತ್ತು. ದಾರಿಯಲ್ಲಿ ಸಹಮ್ ಬಂದಾಗ ಮಾವ ಹೆದ್ದಾರಿ ಬಿಟ್ಟು ಒಳಗೆ ತಿರುಗಿಸಿ, ಹಳೆಯ ಸಾಲು ಅಂಗಡಿಗಳ ಎದುರು ಕಾರು ನಿಲ್ಲಿಸಿದರು.

"ಇದೇ ನನ್ನ ಮೊದಲಿನ ಅಂಗಡಿ. ಪಿಯುಸಿ ಮುಗಿಸಿ ಬಂದದ್ದು ಇಲ್ಲಿಗೆ. ತರಕಾರಿ, ದಿನಸಿ. ಅಲ್ಲಿ ಮೇಲೆ ಕಾಣ್ತದಲ್ವಾ ಕಿಟಕಿ, ಅದು ನಮ್ಮ ರೂಮು. ಎಂಟು ಜನ."

"ಪಪ್ಪಾ, ಎಂಟು ಜನ ಇನ್ ದಟ್ ರೂಮ್?" ಎಂದಳು ಅಶ್ವಿನಿ.

"ಮತ್ತೆಂತ! ಒಬ್ಬ ಮಗ್ಗುಲು ತಿರುಗಿದ್ರೆ ಎಂಟು ಜನವೂ ತಿರುಗಬೇಕು. ಅಳ್ಲಿಕ್ಕೆ ಜಾಗವೇ ಇಲ್ಲ. ರೂಮಿನಲ್ಲಿ ಅತ್ರೆ ಏಳು ಜನ ನೋಡ್ತಾರೆ, ಕೌಂಟರಿನಲ್ಲಿ ಅತ್ರೆ ಗಿರಾಕಿ ಓಡಿಹೋಗ್ತಾನೆ. ಕಡೆಗೆ ಒಂದು ಉಪಾಯ ಸಿಕ್ಕಿತು. ಹಿಂದುಗಡೆ ಗೋಡೌನಿನಲ್ಲಿ ಈರುಳ್ಳಿ ಮೂಟೆ. ಕೊಳೆತ ಈರುಳ್ಳಿ ಹೆಕ್ಕಿ ಬರ್ತೇನೆ ಅಂತ ಹೋಗುವುದು, ಕೂತು ಅಳುವುದು. ಕಣ್ಣು ಕೆಂಪಾದ್ರೂ ಯಾರೂ ಎಂತದ್ದೂ ಕೇಳುವುದಿಲ್ಲ. ಧಣಿ, ನಮ್ಮ ಕಫೀಲ್, ನನ್ನನ್ನು ಹೊಗಳಿದ್ದೇ ಹೊಗಳಿದ್ದು. ಈ ಹುಡುಗನ ಹಾಗೆ ಈರುಳ್ಳಿ ಆರಿಸುವವನು ಇಡೀ ಸಹಮ್‌ನಲ್ಲಿ ಇಲ್ಲ ಅಂತ!"

ಮಾವ ಜೋರಾಗಿ ನಕ್ಕರು. ನಾನೂ ಅಶ್ವಿನಿಯೂ ನಕ್ಕೆವು. ಅತ್ತೆ ನಗಲಿಲ್ಲ. ಕಿಟಕಿಯ ಗಾಜು ಇಳಿಸಿ ಆ ಅಂಗಡಿಯನ್ನೇ ನೋಡುತ್ತಿದ್ದರು. ಡೈರಿಯಲ್ಲಿ ನಾನು ಬರೆದದ್ದು ಇಷ್ಟು: "ಸಹಮ್. ನಿಂತದ್ದು ೬ ನಿಮಿಷ. ಚಹಾ ೦."

ಸೊಹಾರಿನಲ್ಲಿ ಕಾಲೇಜಿನ ಹತ್ತಿರ ವಿದ್ಯಾರ್ಥಿಗಳು ತುಂಬಿದ್ದ ಒಂದು ಕೆಫೆಟೇರಿಯ ಕಂಡಿತು. ನಡೆಸುವವರು ಮಲಯಾಳಿಗಳು. ಮಾವ ನೇರವಾಗಿ ಮೂವರು ಹುಡುಗಿಯರ ಮೇಜಿಗೆ ಹೋಗಿ, ಹಿಂದಿಯಲ್ಲಿ, "ಬೇಟಾ, ಇಲ್ಲಿ ಯಾವುದು ಚೆನ್ನಾಗಿರುತ್ತದೆ? ಯಾವುದನ್ನು ತಿನ್ನಬಾರದು?" ಎಂದು ವಿಚಾರಣೆಗಿಳಿದರು. ಅಶ್ವಿನಿ ಮೆನುವಿನ ಹಿಂದೆ ಮುಖ ಮುಚ್ಚಿಕೊಂಡು, "ಅಕ್ಕ, ಪ್ಲೀಸ್, ಇವರು ನಮ್ಮವರಲ್ಲ ಅಂತ ಹೇಳು" ಎಂದು ನನ್ನ ತೋಳು ಚಿವುಟಿದಳು.

ಹುಡುಗಿಯರು ಎಲ್ಲ ಹೇಳಿದರು. ಪರೋಟ ಬೆಳಿಗ್ಗೆ ಮಾತ್ರ. ಮಧ್ಯಾಹ್ನ ಮೊಸರನ್ನ ಕೇಳಿದರೆ ಮಾಡಿಕೊಡುತ್ತಾರೆ. ರಜೆಯ ಸಂಜೆ ಎಲ್ಲರೂ ಸಮುದ್ರದ ಬದಿಗೆ ಹೋಗುತ್ತಾರೆ, ಅಲ್ಲಿ ಗಾಡಿಯವನ ಜೋಳ ಬಹಳ ರುಚಿ. ಕೋಟೆ ಒಂದು ಸಲ ನೋಡಿದರೆ ಸಾಕು, ಸಮುದ್ರ ಎಷ್ಟು ಸಲ ನೋಡಿದರೂ ಸಾಲದು. ಹೀಗೆ ಹೇಳುತ್ತಾ ಹೇಳುತ್ತಾ ಅವರಲ್ಲೊಬ್ಬಳು ಅಶ್ವಿನಿಯ ಪಕ್ಕದ ಕುರ್ಚಿಗೇ ಬಂದು ಕೂತಳು. ಹತ್ತು ನಿಮಿಷದಲ್ಲಿ ಅಶ್ವಿನಿಯ ಮೆನು ಮುಖದಿಂದ ಇಳಿದಿತ್ತು.

ಸಂಜೆ ಸಮುದ್ರದ ಬದಿಯಲ್ಲಿ ಮಾವ ಅದನ್ನು ಕಂಡುಹಿಡಿದರು. ಜನ ಓಡಾಡುವ ದಾರಿಯಿಂದ ಸ್ವಲ್ಪ ಆಚೆ, ಬಾದಾಮಿ ಮರದ ಕೆಳಗೆ, ಊರಿಗೆ ಬೆನ್ನು ಹಾಕಿ ಸಮುದ್ರಕ್ಕೆ ಮುಖ ಮಾಡಿದ ಒಂದು ಕಲ್ಲಿನ ಬೆಂಚು. ಕೂತವರ ಮುಖ ಮೀನಿಗಲ್ಲದೆ ಇನ್ಯಾರಿಗೂ ಕಾಣದು. ಅಲೆಯ ಸದ್ದಿನಲ್ಲಿ ಬಿಕ್ಕಿದ್ದೂ ಕೇಳದು. ಆದರೆ ಹತ್ತು ಹೆಜ್ಜೆ ಹಿಂದೆ ಮಕ್ಕಳು ಸೈಕಲ್ ಹೊಡೆಯುತ್ತಿದ್ದರು, ಹೆದರಿಕೆಯಿಲ್ಲ.

"ಇಪ್ಪತ್ತಕ್ಕೆ ಇಪ್ಪತ್ತು ಕೊಡಲಾ ಮಾವ?" ಎಂದೆ.

ಮಾವ ಅತ್ತೆಯ ಮುಖ ನೋಡಿದರು. ಅತ್ತೆ ಹೋಗಿ ಆ ಬೆಂಚಿನ ಮೇಲೆ ಕೂತರು. ತಿರುಗದೆಯೇ ಕೇಳಿದರು:

"ನಾನು ಮದುವೆಯಾಗಿ ಇಲ್ಲಿಗೆ ಬಂದ ವರ್ಷ, ಬಾತ್‌ರೂಮಲ್ಲಿ ನಲ್ಲಿ ಬಿಟ್ಕೊಂಡು ಅಳ್ತಿದ್ದೆ. ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಹೇಗೆ?"

"ಪಂಪು ಮಾರುವವ ನಾನು. ಇಬ್ಬರೇ ಇರುವ ಮನೆಯಲ್ಲಿ ಮೇಲಿನ ಟ್ಯಾಂಕು ನಾಲ್ಕು ದಿನಕ್ಕೇ ಖಾಲಿ ಆಗ್ತಿತ್ತಲ್ವಾ!"

"ಮತ್ತೆ ಯಾಕೆ ಒಂದು ಮಾತೂ ಕೇಳ್ಲಿಲ್ಲ?"

"ಕೇಳಿದ್ರೆ ನೀನು ಆ ಜಾಗವನ್ನೂ ಬಿಡ್ತಿದ್ದಿ. ಅದಕ್ಕೆ ಇನ್ನೊಂದು ಟ್ಯಾಂಕು ಹಾಕಿಸಿದೆ."

ನಾನೂ ವಾಸವಿದ್ದ ಅದೇ ಮನೆಯ ಮೇಲೆ ಎರಡು ಟ್ಯಾಂಕು ಏಕಿದೆ ಎಂದು ನಾನು ಯಾವತ್ತೂ ಬರೆದಿರಲಿಲ್ಲ. ಎಲ್ಲವನ್ನೂ ಎಣಿಸುವವಳು ಅದನ್ನು ಎಣಿಸಿರಲಿಲ್ಲ.

ಅತ್ತೆ ಎದ್ದು ಸೆರಗು ಕೊಡವಿಕೊಂಡರು. "ಇಲ್ಲಿಂದ ನಮ್ಮನೆಗೆ ಎಷ್ಟು ಹೊತ್ತು?" ಎಂದು ನನ್ನನ್ನು ಕೇಳಿದರು.

"ಎರಡೂವರೆ ಗಂಟೆ. ಸಹಮ್‌ನಲ್ಲಿ ನಿಂತದ್ದು ಬಿಟ್ಟು."

"ಸರಿ ಹಾಗಾದ್ರೆ. ಅಕ್ಕನಿಗೆ ನಾನು ಹೇಳ್ಕೋತೀನಿ. ಪರದೆಗೆ ಬೇರೆ ಯಾರಾದ್ರೂ ಸಿಗ್ತಾರೆ."

ಅಶ್ವಿನಿ ಕುಣಿದಳು, ಕುಣಿತದ ನಡುವೆಯೇ ಒಂದು ಷರತ್ತನ್ನೂ ಹಾಕಿದಳು: "ಆದ್ರೆ ಪಪ್ಪಾ ಎವ್ರಿ ವೀಕ್ ಬರೋ ಹಾಗಿಲ್ಲ!" ಮಾರನೆಯ ಬೆಳಿಗ್ಗೆ ಬಚ್ಚಲಿನಿಂದ ಹಾಡು ಕೇಳಿಸಿತು. ಮೂರು ಸಲ ಎರಡನೆಯ ಸಾಲಿಗೆ ತಲುಪಿದರು ಎಂದೆನಲ್ಲ, ಅದರಲ್ಲಿ ಇದು ಒಂದು.

ಸೆಪ್ಟೆಂಬರ್ ೧೫, ಶುಕ್ರವಾರ. ಅಶ್ವಿನಿಯನ್ನು ಹಾಸ್ಟೆಲಿಗೆ ಬಿಡಲು ಹೋದೆವು. ಸಾಮಾನು: ಸೂಟ್‌ಕೇಸು ಎರಡು, ಹಾಸಿಗೆಯ ಗಂಟು ಒಂದು, ಅತ್ತೆಯ ಚಟ್ನಿಪುಡಿ ಡಬ್ಬಿ ನಾಲ್ಕು. ಮತ್ತು ಮಾವ ಹೇಳಿ ನಾನು ಆಫೀಸಿನಲ್ಲಿ ಟೈಪು ಮಾಡಿ ಲ್ಯಾಮಿನೇಟ್ ಮಾಡಿಸಿದ ಒಂದು ಹಾಳೆ: ಸೊಹಾರಿನಲ್ಲಿ ವಾರದ ರಜೆಗೆ ಎಲ್ಲಿ ತಿನ್ನುವುದು, ಏನು ನೋಡುವುದು. ಕೊನೆಯಲ್ಲಿ ಬೆಂಚಿಗೆ ಹೋಗುವ ದಾರಿಯ ನಕ್ಷೆ.

ಕೆಫೆಟೇರಿಯದಲ್ಲಿ ಪರಿಚಯವಾಗಿದ್ದ ಹುಡುಗಿ ಗೇಟಿನಲ್ಲೇ ಕಾಯುತ್ತಿದ್ದಳು. ಇಬ್ಬರೂ ಸೂಟ್‌ಕೇಸು ಎಳೆದುಕೊಂಡು ಏನೋ ಹೇಳಿಕೊಂಡು ನಗುತ್ತಾ ಒಳಗೆ ಹೋದರು. ಹಾಸ್ಟೆಲಿನ ಬಾಗಿಲಲ್ಲಿ ಅಶ್ವಿನಿ ತಿರುಗಿ, ಹಾಳೆಯನ್ನು ಎತ್ತಿ ತೋರಿಸಿ, "ಪಪ್ಪಾ, ಲ್ಯಾಮಿನೇಷನ್ ಈಸ್ ಟೂ ಮಚ್!" ಎಂದು ಕೂಗಿದಳು. ಮತ್ತೆ ಕಾಣಲಿಲ್ಲ. ಅಳು? ಅವಳಿಗೆ? ಒಂದು ಹನಿಯೂ ಇಲ್ಲ!

ಮಾವ ಹೆದ್ದಾರಿಯ ಕಡೆ ತಿರುಗಿಸಲಿಲ್ಲ. ಸಮುದ್ರದ ಬದಿಗೆ ಬಂದು ಕಾರು ನಿಲ್ಲಿಸಿ, "ಚಹಾ ತರ್ತೇನೆ" ಎಂದು ಇಳಿದರು. ಚಹಾದ ಅಂಗಡಿ ಬಲಗಡೆ ಇತ್ತು. ಮಾವ ಎಡಗಡೆಗೆ ನಡೆದರು. ನಾನೂ ಅತ್ತೆಯೂ ನೋಡಿದೆವು.

ಹತ್ತೊಂಬತ್ತು ನಿಮಿಷದ ಮೇಲೆ ಬಂದರು. ಕಣ್ಣು ಕೆಂಪಗಿತ್ತು. ಕೈಯಲ್ಲಿ ಚಹಾ ಇರಲಿಲ್ಲ.

"ಚಹಾ ಎಲ್ಲಿ?" ಎಂದರು ಅತ್ತೆ.

"ಮುಗಿದಿತ್ತು."

ಮಾವ ಸೀಟಿನಲ್ಲಿ ಕೂತು, ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, ಕನ್ನಡಿಯಲ್ಲಿ ನನ್ನನ್ನು ನೋಡಿದರು. "ಪುಸ್ತಕ ಉಂಟಾ ಸೆಕ್ರೆಟರಿ? ಐದನೇ ಕಾಲಂ ತೆಗಿ. ಟೆಸ್ಟ್ ಆಯ್ತು ಅಂತ ಬರಿ. ಪಾಸ್."

ತಾರೀಖು ಹಾಕಿದೆ, ಸಮಯ ಹಾಕಿದೆ, ಪಾಸ್ ಎಂದು ಬರೆದೆ. ಬರೆದು ಮುಗಿಸುವಷ್ಟರಲ್ಲಿ ಅತ್ತೆ ಬಾಗಿಲು ತೆರೆದು ಇಳಿದರು. "ಒಂದು ಸಾಲು ಖಾಲಿ ಬಿಟ್ಟಿರು" ಎಂದು ನನಗೆ ಹೇಳಿ, ಸೆರಗು ಹೊದ್ದು, ಅವರೂ ಎಡಗಡೆಗೇ ನಡೆದರು.

ಮಾವ ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗಿದರು: "ಬೆಂಚಿನ ಈಚೆ ಬದಿಗೆ ಕೂತ್ಕೋ, ಅಲ್ಲಿ ನೆರಳುಂಟು!"